ಕೂಲಿಂಗ್ ಸಾಲದಿದ್ದಾಗ: ಗ್ಯಾಸ್ ಸಿಲಿಂಡರ್ ತೆರೆಯುವ ಮುಂಚೆ ಡಕ್ಟೆಡ್ ಎಸಿಯಲ್ಲಿ ನೋಡಬೇಕಾದ್ದು

ಬ್ಯಾಂಕ್ ಶಾಖೆ, ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್ ಇಂಥ ಕಡೆ ಫಾಲ್ಸ್ ಸೀಲಿಂಗ್ ಮೇಲೆ ಸಾಮಾನ್ಯವಾಗಿ ಇರುವುದು 5.5, 8.5, 11 ಅಥವಾ 16.5 ಟನ್ನಿನ ಡಕ್ಟೆಡ್ ಎಸಿ, ಅಂದರೆ ತಣ್ಣನೆ ಗಾಳಿಯನ್ನು ಡಕ್ಟ್ ಎಂಬ ಕೊಳವೆಗಳ ಮೂಲಕ ಹಾಲಿಗೆ ಹರಿಸುವ ಯಂತ್ರ. ಔಟ್‌ಡೋರ್ ಯೂನಿಟ್ ತಾರಸಿಯಲ್ಲಿರುತ್ತದೆ. ದೂರು ಬರುವುದು ಒಂದೇ ಮಾತಿನಲ್ಲಿ: "ಕೂಲಿಂಗ್ ಸಾಲುತ್ತಿಲ್ಲ." ಮೆಕ್ಯಾನಿಕ್ ಬಂದು ಸಕ್ಷನ್ ಲೈನಿಗೆ (ಗ್ಯಾಸ್ ಕಂಪ್ರೆಸರಿಗೆ ವಾಪಸ್ ಹೋಗುವ ಪೈಪಿಗೆ) ಗೇಜ್ ಹಾಕುತ್ತಾರೆ, ಪ್ರೆಷರ್ ಕಡಿಮೆ ತೋರಿಸುತ್ತದೆ, ಸಿಲಿಂಡರ್ ತೆರೆಯುತ್ತಾರೆ. ಕೆಲವು ದಿನ ತಣ್ಣಗಿರುತ್ತದೆ. ಆಮೇಲೆ ಮತ್ತೆ ಅದೇ ಫೋನು.

ಸಕ್ಷನ್ ಪ್ರೆಷರ್ ಇಳಿಯುವುದಕ್ಕೆ ಗ್ಯಾಸ್ ಕಡಿಮೆಯಾಗಿರುವುದು ಹಲವು ಕಾರಣಗಳಲ್ಲಿ ಒಂದು ಅಷ್ಟೇ. ಫಿಲ್ಟರ್ ಕಟ್ಟಿದರೂ, ಗಾಳಿ ತಳ್ಳುವ ಬ್ಲೋವರಿನ ಬೆಲ್ಟ್ ಜಾರಿದರೂ, ಗ್ಯಾಸಿನ ದಾರಿಯಲ್ಲಿ ತೇವ, ಕೊಳೆ ಹಿಡಿಯುವ ಡ್ರೈಯರ್ ಬ್ಲಾಕ್ ಆದರೂ ಮುಳ್ಳು ಅದೇ ಜಾಗದಲ್ಲಿ ನಿಲ್ಲುತ್ತದೆ. ಇವನ್ನು ಒಂದರಿಂದ ಒಂದು ಬೇರೆ ಮಾಡಿ ನೋಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇವೆ. ಪ್ರಿವೆಂಟಿವ್ ಮೇಂಟೆನೆನ್ಸ್ ಎಂದರೆ ಫಿಲ್ಟರ್ ತೊಳೆದು ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿಸಿಕೊಳ್ಳುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ತೊಳೆಯುವುದು ಬೇಕೇ ಬೇಕು. ಆದರೆ ಯಂತ್ರ ಚೆನ್ನಾಗಿದ್ದಾಗ ಅದರ ಅಂಕಿಗಳು ಏನಿದ್ದವು ಎಂದು ಬರೆದಿಟ್ಟಿರದಿದ್ದರೆ, ಕೆಟ್ಟ ದಿನ ಯಾವ ಅಂಕಿ ತಪ್ಪಾಗಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಗೇಜ್ ಮ್ಯಾನಿಫೋಲ್ಡ್, ಪೈಪಿಗೆ ಕಚ್ಚಿಸುವ ಕ್ಲಾಂಪ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು, ಕೆಪಾಸಿಟರ್ ಅಳೆಯುವ ಸೌಲಭ್ಯವಿರುವ ಕ್ಲಾಂಪ್ ಮೀಟರ್, ಗಾಳಿಯ ವೇಗ ಅಳೆಯುವ ಅನಿಮೋಮೀಟರ್, ಒಳ್ಳೆಯ ಟಾರ್ಚ್. ಆರ್-410ಎ ಗ್ಯಾಸಿನ ಯಂತ್ರಕ್ಕೆ ಹಳೆಯ ಆರ್-22 ಗ್ಯಾಸಿನ ಗೇಜ್, ಹೋಸ್ ಬಳಸಬೇಡಿ. ಆ ಒತ್ತಡಕ್ಕೆ ಅವು ತಯಾರಾದವಲ್ಲ.

ಮುಟ್ಟುವ ಮುಂಚೆ ಕೇಳಿ

ಎಲ್ಲ ಯೂನಿಟ್‌ಗಳಲ್ಲೂ ತೊಂದರೆಯೋ, ಒಂದರಲ್ಲಿ ಮಾತ್ರವೋ? ಒಂದೇ ಯೂನಿಟ್ಟಿನ ಎಲ್ಲ ಡಿಫ್ಯೂಸರ್‌ಗಳಲ್ಲೋ (ಸೀಲಿಂಗಿನಿಂದ ಗಾಳಿ ಹೊರಬರುವ ಬಾಯಿಗಳು), ಒಂದು ಮೂಲೆಯಲ್ಲೋ? ದಿನವಿಡೀಯೋ, ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರವೋ? ನಿಧಾನವಾಗಿ ಕಡಿಮೆಯಾಯಿತೋ, ಇದ್ದಕ್ಕಿದ್ದಂತೆಯೋ?

ಒಂದು ಮೂಲೆಯಲ್ಲಿ ಮಾತ್ರ ಸೆಖೆ ಎಂದರೆ ಗ್ಯಾಸ್ ಸರ್ಕ್ಯೂಟನ್ನು ಮುಟ್ಟುವ ಕೆಲಸವೇ ಇಲ್ಲ. ಇಂಟೀರಿಯರ್ ಕೆಲಸದವರೋ ಕೇಬಲ್ ಎಳೆಯುವವರೋ ಸೀಲಿಂಗ್ ಮೇಲೆ ಹತ್ತಿ ಫ್ಲೆಕ್ಸಿಬಲ್ ಡಕ್ಟನ್ನು ತುಳಿದಿರುತ್ತಾರೆ, ಇಲ್ಲವೇ ಕಾಲರ್‌ನಿಂದ ಕಳಚಿ ಹಾಗೇ ಬಿಟ್ಟಿರುತ್ತಾರೆ. ತಣ್ಣನೆ ಗಾಳಿ ಸೀಲಿಂಗ್ ಮೇಲೆಯೇ ಚೆಲ್ಲುತ್ತಿರುತ್ತದೆ. ಮಧ್ಯಾಹ್ನ ಮಾತ್ರ ತೊಂದರೆ ಎಂದರೆ ಮೊದಲು ಔಟ್‌ಡೋರ್ ಕಾಯಿಲ್ (ಗ್ಯಾಸಿನ ಬಿಸಿ ಹೊರಬಿಡುವ ಪೈಪುಗಳ ಜಾಲ) ನೋಡಿ. ಇದ್ದಕ್ಕಿದ್ದಂತೆ ಆಯಿತು, ಅದೂ ಪ್ಯಾನೆಲ್‌ನಲ್ಲಿ ಕೆಲಸ ಆದ ಮಾರನೇ ದಿನ ಎಂದರೆ ಮೂರು ಫೇಸಿನ ವೈರುಗಳು ಅದಲುಬದಲಾಗಿರುವ ಸಂಶಯ ಬರಬೇಕು. ಅಂಗಡಿಯಲ್ಲಿ ಹೊಸದಾಗಿ ಗಾಜಿನ ಮುಂಭಾಗ ಮಾಡಿಸಿದ್ದರೆ ಅಥವಾ ಬಾಗಿಲ ಏರ್ ಕರ್ಟನ್ ನಿಂತುಹೋಗಿದ್ದರೆ ಯಂತ್ರದಲ್ಲಿ ದೋಷವೇ ಇರಲಿಕ್ಕಿಲ್ಲ, ಲೋಡ್ ಹೆಚ್ಚಾಗಿರುತ್ತದೆ.

ಗಾಳಿಯಿಂದ ಶುರು ಮಾಡಿ

ರಿಟರ್ನ್ ಗಾಳಿಯ (ಹಾಲಿನಿಂದ ಯಂತ್ರಕ್ಕೆ ವಾಪಸ್ ಬರುವ ಗಾಳಿಯ) ಉಷ್ಣತೆ, ಯೂನಿಟ್ ಬಾಯಲ್ಲೇ ಸಪ್ಲೈ ಗಾಳಿಯ (ತಣ್ಣಗಾಗಿ ಹೊರಹೋಗುವ ಗಾಳಿಯ) ಉಷ್ಣತೆ, ಎರಡನ್ನೂ ಅಳೆಯಿರಿ. ಯಂತ್ರ ಚಾಲೂ ಆಗಿ ಹದಿನೈದು ನಿಮಿಷ ಆದ ಮೇಲೆ ಅಳೆಯಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ವ್ಯತ್ಯಾಸ 8ರಿಂದ 11 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಯಂತ್ರದ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವ ಇಳಿಸುವುದಕ್ಕೇ ಹೋಗುವುದರಿಂದ ಒಂದೆರಡು ಡಿಗ್ರಿ ಕಡಿಮೆ ಬಂದರೆ ಅದು ದೋಷವಲ್ಲ.

ಈ ಒಂದು ಅಳತೆಯಲ್ಲೇ ಅರ್ಧ ದಾರಿ ಸ್ಪಷ್ಟವಾಗುತ್ತದೆ. ವ್ಯತ್ಯಾಸ 13-14 ಡಿಗ್ರಿ ಇದ್ದೂ ಹಾಲ್ ತಣ್ಣಗಾಗುತ್ತಿಲ್ಲ ಎಂದರೆ ಒಳಗಿನ ಕಾಯಿಲ್ ಮೇಲೆ ಗಾಳಿ ಸಾಕಷ್ಟು ಹರಿಯುತ್ತಿಲ್ಲ. ಹರಿಯುತ್ತಿರುವ ಅಷ್ಟಿಷ್ಟು ಗಾಳಿ ವಿಪರೀತ ತಣ್ಣಗಾಗುತ್ತಿದೆ. ವ್ಯತ್ಯಾಸ 4-5 ಡಿಗ್ರಿಗೆ ಇಳಿದಿದ್ದು ಗಾಳಿ ಜೋರಾಗೇ ಇದ್ದರೆ ತೊಂದರೆ ಗ್ಯಾಸ್ ಸರ್ಕ್ಯೂಟ್, ಕಂಪ್ರೆಸರ್ ಅಥವಾ ಔಟ್‌ಡೋರ್ ಕಡೆ ಇದೆ.

ಗಾಳಿಯ ಲೆಕ್ಕ ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). 11 ಟನ್ನಿಗೆ 4,400 ಸಿಎಫ್‌ಎಂ, ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 2.1 ಘನ ಮೀಟರ್. ಫಿಲ್ಟರ್ ಮುಖ 1.2 ಚದರ ಮೀಟರ್ ಇದ್ದರೆ ಸರಾಸರಿ ವೇಗ ಸೆಕೆಂಡಿಗೆ 1.7 ಮೀಟರ್ ಬರಬೇಕು. ಒಂದೇ ಕಡೆ ಅನಿಮೋಮೀಟರ್ ಹಿಡಿದು ಅಂಕಿ ಬರೆಯಬೇಡಿ. ಒಂಬತ್ತು ಚೌಕ ಮಾಡಿಕೊಂಡು ಒಂದೊಂದರಲ್ಲೂ ಅಳೆದು ಸರಾಸರಿ ತೆಗೆಯಿರಿ. ಗ್ರಿಲ್ ಮೇಲೆ ಅಳೆದರೆ ಪಟ್ಟಿಗಳು ಲೆಕ್ಕ ಕೆಡಿಸುತ್ತವೆ, ಫಿಲ್ಟರ್ ಮುಖದಲ್ಲೇ ಅಳೆಯುವುದು ವಾಸಿ.

ಕಡಿಮೆ ಬಂತು ಅನ್ನಿ. ಮೊದಲು ಫಿಲ್ಟರ್ ತೆಗೆದು ಮತ್ತೆ ಅಳೆಯಿರಿ. ವೇಗ ತಟ್ಟನೆ ಏರಿದರೆ ಕಾರಣ ಸಿಕ್ಕಿತು. ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದನ್ನು ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಕಾಗದ ನಿರ್ಧರಿಸುವುದಿಲ್ಲ, ಜಾಗ ನಿರ್ಧರಿಸುತ್ತದೆ. ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ಸಾಕಾಗಬಹುದು. ಬಟ್ಟೆ ಅಂಗಡಿಯಲ್ಲಿ ಹದಿನೈದು ದಿನ. ಆಷಾಢದ ಸೇಲ್ ಹೊತ್ತಿಗೆ ಸೀರೆ ಬಿಚ್ಚಿ ಮಡಚಿ ಎದ್ದ ನೂಲಿನ ಧೂಳು ಒಂದೇ ವಾರದಲ್ಲಿ ಫಿಲ್ಟರ್ ಮೇಲೆ ಬೂದು ಕಂಬಳಿಯ ಹಾಗೆ ಕೂರುತ್ತದೆ. ತೊಳೆದ ಫಿಲ್ಟರ್ ಒಣಗದೇ ಹಾಕಿದರೆ ಧೂಳು ಅದರ ಮೇಲೆ ಕೆಸರಾಗಿ ಅಂಟುತ್ತದೆ, ಮುಂದಿನ ಸಲ ತೊಳೆದರೂ ಬಿಡುವುದಿಲ್ಲ.

ಫಿಲ್ಟರ್ ತೆಗೆದರೂ ವೇಗ ಏರಲಿಲ್ಲವೆಂದರೆ ಕಾಯಿಲ್ ನೋಡಿ. ಮುಂದಿನಿಂದ ನೋಡಿದರೆ ಸಾಲದು. ಗಾಳಿ ಒಳಹೋಗುವ ಮುಖದ ಹಿಂದಿನ ಸಾಲುಗಳ ನಡುವೆ ಕೊಳೆ ಸೇರಿಕೊಂಡಿರುತ್ತದೆ. ಒಂದು ಕಡೆ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಬೆಳಕು ಕಾಣುತ್ತದೆಯೇ ಎಂದು ನೋಡಿ. ಸಾಲುಗಳು ಒಂದರ ಹಿಂದೆ ಒಂದು ನೇರವಾಗಿಲ್ಲದ ಕಾಯಿಲ್ ಆದರೆ ಬೆಳಕು ನೇರ ಬರುವುದಿಲ್ಲ, ಮಸುಕಾಗಿ ಹರಡಿ ಕಾಣಬೇಕು. ಕಲ್ಯಾಣ ಮಂಟಪದ ಕಾಯಿಲ್‌ಗಳಲ್ಲಿ ಇನ್ನೊಂದು ಸಮಸ್ಯೆ. ಹೋಮದ ಹೊಗೆ, ಅಡುಗೆಮನೆ ಕಡೆಯಿಂದ ಬರುವ ಎಣ್ಣೆಯ ಆವಿ ಎರಡೂ ಸೇರಿ ಕಾಯಿಲಿನ ತೆಳು ಪಟ್ಟಿಗಳ (ಫಿನ್) ಮೇಲೆ ಜಿಡ್ಡು ಮಸಿ ಪದರವಾಗುತ್ತದೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಅಲ್ಯೂಮಿನಿಯಂಗೆ ಹೊಂದುವ ಕಾಯಿಲ್ ಕ್ಲೀನರನ್ನು ಡಬ್ಬಿಯ ಮೇಲೆ ಹೇಳಿದಷ್ಟೇ ನೀರು ಬೆರೆಸಿ ಸಿಂಪಡಿಸಿ, ಹೇಳಿದಷ್ಟೇ ಹೊತ್ತು ಬಿಟ್ಟು, ಚೆನ್ನಾಗಿ ನೀರು ಹಾಯಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವ ಅಭ್ಯಾಸ ಕೆಲವರಿಗಿದೆ. ಅದು ಕೊಳೆಯ ಜೊತೆ ಫಿನ್ನನ್ನೂ ತಿನ್ನುತ್ತದೆ.

ಬೆಲ್ಟ್ ಇರುವ ಬ್ಲೋವರ್ ಆದರೆ ಎರಡು ಪುಲ್ಲಿಗಳ ನಡುವಿನ ಮಧ್ಯದಲ್ಲಿ ಒತ್ತಿ ನೋಡಿ. ಪುಲ್ಲಿಗಳ ನಡುವಿನ ಅಂತರದ ಪ್ರತಿ ಮೀಟರಿಗೆ 16 ಮಿಲಿಮೀಟರ್ ಬಗ್ಗಬೇಕು ಎಂಬುದು ಸಾಮಾನ್ಯ ಲೆಕ್ಕ, ಅಂದರೆ 450 ಮಿಲಿಮೀಟರ್ ಅಂತರಕ್ಕೆ ಸುಮಾರು 7. ಸಡಿಲವಾದರೆ ಜಾರಿ ಪುಲ್ಲಿಯ ತೋಡು ಕನ್ನಡಿಯಂತೆ ಹೊಳೆಯುತ್ತದೆ, ಕೆಳಗೆ ಕರಿ ಪುಡಿ ಬಿದ್ದಿರುತ್ತದೆ. ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಎರಡು ಬೆಲ್ಟ್ ಇದ್ದು ಒಂದು ಹರಿದರೆ ಎರಡನ್ನೂ ಜೊತೆಯಾಗಿ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ.

ಫೇಸ್ ಅದಲುಬದಲಾದರೆ ಬ್ಲೋವರ್ ಉಲ್ಟಾ ತಿರುಗುತ್ತದೆ. ಇದರಲ್ಲಿ ಮೋಸಹೋಗುವುದು ಸುಲಭ: ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿಯನ್ನು ಮುಂದಕ್ಕೇ ತಳ್ಳುತ್ತದೆ, ಪ್ರಮಾಣ ಮಾತ್ರ ತೀರಾ ಕಡಿಮೆ. ಡಿಫ್ಯೂಸರ್ ಕೆಳಗೆ ಕೈ ಹಿಡಿದವರಿಗೆ "ಗಾಳಿ ಬರ್ತಿದೆಯಲ್ಲ" ಅನ್ನಿಸುತ್ತದೆ. ಕೇಸಿಂಗ್ ಮೇಲಿನ ಬಾಣದ ಗುರುತನ್ನು ನೋಡಿ. ಸ್ಕ್ರಾಲ್ ಕಂಪ್ರೆಸರ್ (ಸುರುಳಿಗಳ ನಡುವೆ ಗ್ಯಾಸ್ ಒತ್ತುವ ಬಗೆ) ಇದ್ದರೆ ಅದೂ ಉಲ್ಟಾ ತಿರುಗಿ ಗಡಗಡ ಸದ್ದು ಮಾಡುತ್ತದೆ, ಎರಡೂ ಗೇಜ್ ಹೆಚ್ಚುಕಡಿಮೆ ಒಂದೇ ತೋರಿಸುತ್ತವೆ. ಕೂಡಲೇ ನಿಲ್ಲಿಸಿ ಎರಡು ಫೇಸ್ ಬದಲಿಸಿ.

ಕರೆಂಟಿನ ಕಡೆ

ಮೂರೂ ಫೇಸುಗಳ ನಡುವಿನ ವೋಲ್ಟೇಜನ್ನು ಯಂತ್ರ ಓಡುತ್ತಿರುವಾಗಲೇ ಅಳೆಯಿರಿ. 415, 408, 398 ಬಂತು ಅನ್ನಿ. ಸರಾಸರಿ 407, ಹೆಚ್ಚು ದೂರ ಇರುವುದು 398, ವ್ಯತ್ಯಾಸ 9. 9ನ್ನು 407ರಿಂದ ಭಾಗಿಸಿದರೆ ಶೇ. 2.2. ನೋಡಲು ಸಣ್ಣದು. ಆದರೆ ಮೋಟರ್ ವೈಂಡಿಂಗಿನ ಬಿಸಿ ಏರುವುದು ಈ ಶೇಕಡಾವಾರಿನ ವರ್ಗದ ಎರಡರಷ್ಟು, ಅಂದರೆ ಇಲ್ಲಿ ಸುಮಾರು ಶೇ. 10. ಶೇ. 2 ದಾಟಿದರೆ ಹಾಗೇ ಬಿಡಬೇಡಿ. ಮೊದಲು ಕಟ್ಟಡದ ಒಳಗಿನ ಸಿಂಗಲ್ ಫೇಸ್ ಲೋಡುಗಳ ಹಂಚಿಕೆ, ಸಡಿಲ ಟರ್ಮಿನಲ್, ಸುಟ್ಟ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ನೋಡಿ, ಆಮೇಲೆ ಎಸ್ಕಾಂಗೆ ದೂರು ಕೊಡಿ.

ಕಾಂಟ್ಯಾಕ್ಟರ್ ಮುಚ್ಚಿ ಲೋಡ್ ಹರಿಯುತ್ತಿರುವಾಗ ಪ್ರತಿ ಪೋಲ್‌ನ ಮೇಲಿನಿಂದ ಕೆಳಗಿನ ಟರ್ಮಿನಲ್‌ಗೆ ಎಷ್ಟು ವೋಲ್ಟ್ ಇಳಿಯುತ್ತಿದೆ ನೋಡಿ. ಮೂರರಲ್ಲಿ ಎರಡು ಒಂದೇ ಇದ್ದು ಒಂದು ಬೇರೆಯಾದರೆ ಆ ಪಾಯಿಂಟ್ ಸುಟ್ಟಿದೆ. ಇದು ಲೈವ್ ಕೆಲಸ. ಅಭ್ಯಾಸ ಇರುವವರು ಮಾತ್ರ, ಸರಿಯಾದ ಪ್ರೋಬ್ ಮತ್ತು ಕೈಗವಸು ಹಾಕಿಕೊಂಡು ಮಾಡಬೇಕು. ಔಟ್‌ಡೋರ್ ಪ್ಯಾನೆಲ್‌ನಲ್ಲಿ ಇರುವೆ, ಹಲ್ಲಿ ಸೇರುವುದು ಮಾಮೂಲು. ಪಾಯಿಂಟ್‌ಗಳ ನಡುವೆ ಇರುವೆ ಸಿಕ್ಕರೆ ಕಾಂಟ್ಯಾಕ್ಟರ್ ಪೂರ್ತಿ ಮುಚ್ಚುವುದಿಲ್ಲ, ಕಿರಿಚುತ್ತದೆ. ಕೇಬಲ್ ಒಳಬರುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ ಮುಚ್ಚಿದರೆ ಈ ಬಾಧೆ ಬಹುಪಾಲು ನಿಲ್ಲುತ್ತದೆ. ಖರ್ಚು ನೂರಿನ್ನೂರು ರೂಪಾಯಿಯದು, ಆದರೂ ಮಾಡಿಸುವವರು ಕಡಿಮೆ.

ಔಟ್‌ಡೋರ್ ಫ್ಯಾನಿನ ಕೆಪಾಸಿಟರ್ 6 ಮೈಕ್ರೋಫ್ಯಾರಡ್ ಎಂದು ಬರೆದಿದ್ದು 5.2 ತೋರಿಸಿದರೆ ಶೇ. 13 ಕಡಿಮೆ, ಬದಲಿಸಿ. ಅಳೆಯುವ ಮುಂಚೆ ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ.

ಕಂಪ್ರೆಸರ್ ಬಗ್ಗೆ ಒಂದು ಎಚ್ಚರಿಕೆ. ಸ್ಕ್ರಾಲ್ ಕಂಪ್ರೆಸರ್ ಬಿಸಿಯಾಗಿ ಒಳಗಿನ ಓವರ್‌ಲೋಡ್ ಕಡಿದಾಗ ಮೀಟರಿನಲ್ಲಿ ವೈಂಡಿಂಗ್ ಓಪನ್ ತೋರಿಸುತ್ತದೆ. ಅದು ತಣಿದು ಮತ್ತೆ ಸೇರಲು ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಅಷ್ಟರಲ್ಲೇ "ಕಂಪ್ರೆಸರ್ ಹೋಗಿದೆ" ಎಂದು ತೀರ್ಪು ಕೊಟ್ಟು ಹೊಸದರ ಕೊಟೇಷನ್ ಕಳಿಸುವುದುಂಟು. ಮೇಲ್ಭಾಗ ಕೈ ಇಡುವಷ್ಟು ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಮೂರು ವೈಂಡಿಂಗ್‌ಗಳೂ ಒಂದೇ ರೆಸಿಸ್ಟೆನ್ಸ್ ತೋರಿಸಬೇಕು. 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರಿನಲ್ಲಿ) ವೈಂಡಿಂಗಿನಿಂದ ಹೊರಕವಚಕ್ಕೆ ಒಂದು ಮೆಗಾಓಮಿಗಿಂತ ಚೆನ್ನಾಗಿ ಮೇಲಿರಬೇಕು. ಸಿಸ್ಟಮ್ ವ್ಯಾಕ್ಯೂಮಿನಲ್ಲಿ ಇರುವಾಗ ಮೆಗ್ಗರ್ ಹಾಕಲೇಬೇಡಿ, ಒಳಗೆ ಕಿಡಿ ಹಾರಿ ಇದ್ದ ಇನ್ಸುಲೇಷನ್ನೂ ಸುಡುತ್ತದೆ.

ತಾರಸಿ ಹತ್ತಿ

ಔಟ್‌ಡೋರ್ ಕಾಯಿಲ್ ಕೊಳೆಯಾದರೆ ಗ್ಯಾಸಿನ ಬಿಸಿ ಹೊರಹೋಗದೆ ಕಂಡೆನ್ಸಿಂಗ್ ಉಷ್ಣತೆ (ಗ್ಯಾಸ್ ಮತ್ತೆ ದ್ರವವಾಗುವ ಉಷ್ಣತೆ) ಏರುತ್ತದೆ. ಅದು ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಎಳೆಯುವ ವಿದ್ಯುತ್ ಶೇ. 2-3ರಷ್ಟು ಏರುತ್ತದೆ. ಹೊರಗಿನ ಗಾಳಿಗಿಂತ ಕಂಡೆನ್ಸಿಂಗ್ ಉಷ್ಣತೆ 12ರಿಂದ 16 ಡಿಗ್ರಿ ಮೇಲಿರುವುದು ಸಹಜ. 22-23 ಆದರೆ ಕಾಯಿಲ್ ಕಟ್ಟಿದೆ, ಫ್ಯಾನ್ ನಿಧಾನವಾಗಿದೆ, ಇಲ್ಲವೇ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಕೊನೆಯದನ್ನು ಹಿಡಿಯಲು ಕಾಯಿಲಿಗೆ ಗಾಳಿ ಒಳಹೋಗುವ ಜಾಗದಲ್ಲೇ ಥರ್ಮಾಮೀಟರ್ ಹಿಡಿಯಿರಿ. ಹೊರಗೆ ನೆರಳಲ್ಲಿ 35 ಇದ್ದು ಅಲ್ಲಿ 41 ಬಂದರೆ ತೊಳೆದು ಪ್ರಯೋಜನವಿಲ್ಲ. ನೀರಿನ ಟ್ಯಾಂಕಿನ ಗೋಡೆಗೂ ಯೂನಿಟ್ಟಿಗೂ ನಡುವೆ ಜಾಗ ಬಿಡಿಸಬೇಕು, ಜಾಹೀರಾತಿನ ಬೋರ್ಡ್ ಅಡ್ಡ ಬಂದಿದ್ದರೆ ತೆಗೆಸಬೇಕು. ಪಾರಿವಾಳ ಗೂಡು ಕಟ್ಟಿದ್ದರೆ ಗೂಡು ತೆಗೆದು ಬಲೆ ಹಾಕಿಸಿ, ಆದರೆ ಬಲೆಯ ಕಣ್ಣು ದೊಡ್ಡದಿರಲಿ. ಸೊಳ್ಳೆ ಪರದೆಯಂಥದನ್ನು ಸುತ್ತಿದರೆ ಅದೇ ಇನ್ನೊಂದು ಕಟ್ಟಿದ ಫಿಲ್ಟರ್ ಆಗುತ್ತದೆ.

ತೊಳೆಯುವಾಗ ಒಳಗಿನಿಂದ ಹೊರಕ್ಕೆ, ಗಾಳಿ ಬರುವ ದಿಕ್ಕಿಗೆ ಎದುರಾಗಿ ನೀರು ಬಿಡಿ. ಕಾರು ತೊಳೆಯುವ ಪ್ರೆಷರ್ ವಾಷರನ್ನು ಹತ್ತಿರದಿಂದ ಹಿಡಿದರೆ ಫಿನ್ ಮಲಗಿಬಿಡುತ್ತದೆ, ಕೊಳೆಗಿಂತ ಅದೇ ದೊಡ್ಡ ತಡೆ. ಕರಾವಳಿಯಲ್ಲಿ ಕೊಳೆ ಕಾಣದಿದ್ದರೂ ತಿಂಗಳಿಗೊಮ್ಮೆ ಸಿಹಿನೀರು ಹಾಯಿಸಿ. ಉಪ್ಪಿನ ಗಾಳಿಗೆ ಅಲ್ಯೂಮಿನಿಯಂ ಫಿನ್ ತಾಮ್ರದ ಟ್ಯೂಬಿನಿಂದ ಬಿಟ್ಟುಕೊಳ್ಳುತ್ತದೆ, ಬೆರಳಿನಿಂದ ಸವರಿದರೆ ಬಿಳಿ ಪುಡಿಯಾಗಿ ಉದುರುತ್ತದೆ. ಆ ಹಂತಕ್ಕೆ ಬಂದ ಮೇಲೆ ಕಾಯಿಲ್ ಬದಲಿಸುವುದೇ ದಾರಿ.

ಈಗ ಗೇಜ್ ಹಾಕಿ

ಇಷ್ಟು ನೋಡಿ, ತೊಳೆದು, ಯಂತ್ರವನ್ನು ಇಪ್ಪತ್ತು ನಿಮಿಷ ಓಡಿಸಿದ ಮೇಲೆಯೇ ಗೇಜ್. ಪ್ರೆಷರ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಪೈಪಿನ ಉಷ್ಣತೆಯೂ ಜೊತೆಗೆ ಬೇಕು. ಸಕ್ಷನ್ ಪ್ರೆಷರಿಗೆ ತಕ್ಕ ಕುದಿಯುವ ಉಷ್ಣತೆಗಿಂತ ಸಕ್ಷನ್ ಪೈಪ್ ಎಷ್ಟು ಡಿಗ್ರಿ ಬಿಸಿ ಇದೆಯೋ ಅದು ಸೂಪರ್‌ಹೀಟ್. ಲಿಕ್ವಿಡ್ ಲೈನಿನ ಪ್ರೆಷರಿಗೆ ತಕ್ಕ ಕಂಡೆನ್ಸಿಂಗ್ ಉಷ್ಣತೆಗಿಂತ ಲಿಕ್ವಿಡ್ ಪೈಪ್ ಎಷ್ಟು ತಣ್ಣಗಿದೆಯೋ ಅದು ಸಬ್‌ಕೂಲಿಂಗ್. ಎಕ್ಸ್‌ಪಾನ್ಷನ್ ವಾಲ್ವ್ (ಒಳಗಿನ ಕಾಯಿಲಿಗೆ ಎಷ್ಟು ಲಿಕ್ವಿಡ್ ಹೋಗಬೇಕೆಂದು ಹತೋಟಿ ಮಾಡುವ ವಾಲ್ವ್) ಇರುವ ಯಂತ್ರದಲ್ಲಿ ಎರಡೂ 5ರಿಂದ 8 ಡಿಗ್ರಿಯ ಆಸುಪಾಸಿನಲ್ಲಿರಬೇಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ.

ಉದಾಹರಣೆಗೆ ಆರ್-410ಎ ಯಂತ್ರ, ಹೊರಗೆ 35 ಡಿಗ್ರಿ. ಆರೋಗ್ಯವಾಗಿರುವ ಯಂತ್ರದಲ್ಲಿ ಸಕ್ಷನ್ 118 ಪಿಎಸ್‌ಐ (ಒತ್ತಡದ ಅಳತೆ), ಅಂದರೆ ಕುದಿಯುವ ಉಷ್ಣತೆ 4.5 ಡಿಗ್ರಿ, ಪೈಪ್ 11 ಡಿಗ್ರಿ, ಸೂಪರ್‌ಹೀಟ್ 6.5. ಲಿಕ್ವಿಡ್ ಕಡೆ 430 ಪಿಎಸ್‌ಐ, ಅಂದರೆ 50 ಡಿಗ್ರಿ, ಪೈಪ್ 43, ಸಬ್‌ಕೂಲಿಂಗ್ 7.

ಈಗ ಮೂರು ಕೆಟ್ಟ ಯಂತ್ರಗಳನ್ನು ನೋಡಿ. ಮೂರರಲ್ಲೂ ಸಕ್ಷನ್ 98 ಪಿಎಸ್‌ಐ, ಅಂದರೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಮೂರರಲ್ಲೂ ಕಾಯಿಲ್ ಮೇಲೆ ಐಸ್ ಕಟ್ಟಲು ಶುರುವಾಗಿದೆ.

ಮೊದಲನೆಯದರಲ್ಲಿ ಸಕ್ಷನ್ ಪೈಪ್ 1 ಡಿಗ್ರಿ, ಸೂಪರ್‌ಹೀಟ್ ಬರೀ 2. ಲಿಕ್ವಿಡ್ ಆವಿಯಾಗಲು ಬೇಕಾದ ಬಿಸಿ ಗಾಳಿಯಿಂದ ಸಿಗುತ್ತಿಲ್ಲ. ಇದು ಗಾಳಿಯ ದೋಷ, ಗ್ಯಾಸಿನದ್ದಲ್ಲ. ವಾಲ್ವಿನ ಬದಲು ಕ್ಯಾಪಿಲರಿ (ಸಣ್ಣ ತೂತಿನ ಕೊಳವೆ) ಇರುವ ಯಂತ್ರದಲ್ಲಿ ಈ ಲಕ್ಷಣ ಎದ್ದು ಕಾಣುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ ಇದ್ದರೆ ಅದು ತನ್ನನ್ನು ತಾನು ಮುಚ್ಚಿಕೊಂಡು ಸೂಪರ್‌ಹೀಟನ್ನು 5ರ ಹತ್ತಿರ ಹಿಡಿದಿಡಲು ನೋಡುತ್ತದೆ. ಆಗ ಸಕ್ಷನ್ ಕಡಿಮೆ ಇದ್ದು ಸೂಪರ್‌ಹೀಟ್ ಸರಿಯಿರುವುದೇ ಗಾಳಿಯ ದೋಷದ ಗುರುತು.

ಎರಡನೆಯದರಲ್ಲಿ ಸಕ್ಷನ್ ಪೈಪ್ 15 ಡಿಗ್ರಿ, ಸೂಪರ್‌ಹೀಟ್ 16. ಲಿಕ್ವಿಡ್ ಕಡೆ 365 ಪಿಎಸ್‌ಐ, ಅಂದರೆ 43 ಡಿಗ್ರಿ, ಪೈಪ್ 42, ಸಬ್‌ಕೂಲಿಂಗ್ 1. ಗ್ಯಾಸ್ ನಿಜವಾಗಿಯೂ ಕಡಿಮೆ. ಐಸ್ ಕಾಯಿಲಿನ ಒಳಬರುವ ತುದಿಯಲ್ಲಿ ಮಾತ್ರ, ಉಳಿದ ಭಾಗ ಒಣಗಿರುತ್ತದೆ.

ಮೂರನೆಯದರಲ್ಲೂ ಸೂಪರ್‌ಹೀಟ್ 16, ಆದರೆ ಸಬ್‌ಕೂಲಿಂಗ್ 10. ಗ್ಯಾಸ್ ಇದೆ, ಮುಂದೆ ಹೋಗಲು ದಾರಿಯಿಲ್ಲ. ಫಿಲ್ಟರ್ ಡ್ರೈಯರ್‌ನ ಎರಡು ತುದಿಗೂ ಥರ್ಮಾಮೀಟರ್ ಹಿಡಿಯಿರಿ. 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡ್ರೈಯರ್ ಬ್ಲಾಕ್. ಅಲ್ಲಿ ಸರಿಯಿದ್ದರೆ ಎಕ್ಸ್‌ಪಾನ್ಷನ್ ವಾಲ್ವಿನ ಜಾಲರಿ ಕಟ್ಟಿರುವುದು, ಇಲ್ಲವೇ ಪೈಪಿನ ಬಿಸಿ ಅರಿಯುವ ಅದರ ಬಲ್ಬ್‌ನ ಗ್ಯಾಸ್ ಸೋರಿರುವುದು.

ಮೊದಲನೆಯ ಯಂತ್ರಕ್ಕೆ ಗ್ಯಾಸ್ ಹಾಕಿದರೆ ಏನಾಗುತ್ತದೆ? ಸಕ್ಷನ್ ಮುಳ್ಳು ಏರುತ್ತದೆ, ಎಲ್ಲರಿಗೂ ಸಮಾಧಾನ. ಆವಿಯಾಗದ ಲಿಕ್ವಿಡ್ ಕಂಪ್ರೆಸರಿಗೆ ವಾಪಸ್ ಹೋಗಿ ಬೇರಿಂಗಿನ ಎಣ್ಣೆಯನ್ನು ತೊಳೆಯುತ್ತದೆ. ಮುಂದೊಂದು ದಿನ ಯಾರೋ ಫಿಲ್ಟರ್ ತೊಳೆದಾಗ ಲೋಡ್ ಸರಿಯಾಗಿ ಸಿಕ್ಕಿ, ಹೆಚ್ಚುವರಿ ಗ್ಯಾಸಿನಿಂದ ಹೆಡ್ ಪ್ರೆಷರ್ (ಕಂಪ್ರೆಸರ್ ಹೊರತಳ್ಳುವ ಕಡೆಯ ಒತ್ತಡ) ಏರಿ, ಏಪ್ರಿಲ್ ಮಧ್ಯಾಹ್ನ ಯಂತ್ರ ಹೈ ಪ್ರೆಷರಿನಲ್ಲಿ ಟ್ರಿಪ್ ಆಗಲು ಶುರುವಾಗುತ್ತದೆ. "ಫಿಲ್ಟರ್ ತೊಳೆದ ಮೇಲೇ ಕೆಟ್ಟಿತು" ಎಂಬ ಮಾತು ಹುಟ್ಟುವುದು ಹೀಗೆ.

ಇನ್ನೆರಡು ಲಕ್ಷಣ ಚುಟುಕಾಗಿ. ಸಕ್ಷನ್ ಹೆಚ್ಚು, ಡಿಸ್ಚಾರ್ಜ್ ಕಡಿಮೆ, ಆಂಪಿಯರ್ ಕಡಿಮೆ ಎಂದರೆ ಕಂಪ್ರೆಸರ್ ಒಳಗೇ ಸೋರುತ್ತಿದೆ. ಕಾಯಿಲ್ ಸ್ವಚ್ಛ, ಫ್ಯಾನ್ ಸರಿ, ಗ್ಯಾಸಿನ ತೂಕ ಸರಿ, ಆದರೂ ಹೆಡ್ ಪ್ರೆಷರ್ ಹೆಚ್ಚು ಎಂದರೆ ಒಳಗೆ ಗಾಳಿ ಸೇರಿದೆ, ಹಿಂದಿನ ರಿಪೇರಿಯಲ್ಲಿ ವ್ಯಾಕ್ಯೂಮ್ ಸರಿಯಾಗಿ ಆಗಿಲ್ಲ.

ಸೋರಿಕೆ ಎಂದು ಖಚಿತವಾದರೆ

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ತೂತಿದೆ. ಫ್ಲೇರ್ ನಟ್, ಸರ್ವಿಸ್ ವಾಲ್ವಿನ ಪಿನ್, ಪೈಪ್ ಕ್ಲಾಂಪಿಗೆ ಉಜ್ಜುವ ಜಾಗ, ಕಾಯಿಲಿನ ಯು-ಬೆಂಡ್ ಈ ನಾಲ್ಕು ಕಡೆ ಎಣ್ಣೆಯ ಪಸೆಗೆ ಧೂಳು ಹತ್ತಿ ಕಪ್ಪಾಗಿದೆಯೇ ನೋಡಿ. ಎಣ್ಣೆ ಕಂಡಲ್ಲಿ ಸೋಪಿನ ನೀರು ಹಚ್ಚಿ.

ಪ್ರೆಷರ್ ಟೆಸ್ಟ್ ಒಣ ನೈಟ್ರೋಜನ್ನಿನಿಂದ ಮಾತ್ರ, ರೆಗ್ಯುಲೇಟರ್ ಹಾಕಿ, ನೇಮ್‌ಪ್ಲೇಟಿನ ಮಿತಿಯೊಳಗೆ. ಗ್ಯಾಸ್ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಹತ್ತಿರದಲ್ಲಿದೆ ಎಂದು ಅದನ್ನು ಬಳಸಬೇಡಿ. ಒತ್ತಡದ ಆಕ್ಸಿಜನ್ನಿಗೆ ಕಂಪ್ರೆಸರ್ ಎಣ್ಣೆ ಸೇರಿದರೆ ಸ್ಫೋಟ. ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಲಿ, ಇಲ್ಲವಾದರೆ ಒಳಗೆ ಕಟ್ಟುವ ಕರಿ ಹೊಪ್ಪಳೆ ಮುಂದಿನ ತಿಂಗಳು ಡ್ರೈಯರನ್ನು ಕಟ್ಟಿಸುತ್ತದೆ. ಸರ್ಕ್ಯೂಟ್ ತೆರೆದಾಗಲೆಲ್ಲ ಡ್ರೈಯರ್ ಹೊಸದು. ವ್ಯಾಕ್ಯೂಮ್ 500 ಮೈಕ್ರಾನಿಗಿಂತ (ವ್ಯಾಕ್ಯೂಮಿನ ಸೂಕ್ಷ್ಮ ಅಳತೆ) ಕೆಳಕ್ಕೆ ಎಳೆದು, ಪಂಪ್ ಮುಚ್ಚಿ, ಹತ್ತು ಹದಿನೈದು ನಿಮಿಷ ಕಾಯಿರಿ. ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ, ಏರುತ್ತಲೇ ಹೋದರೆ ಸೋರಿಕೆ ಉಳಿದಿದೆ. ಮ್ಯಾನಿಫೋಲ್ಡಿನ ಮುಳ್ಳು 30 ಇಂಚು ತೋರಿಸಿದ್ದನ್ನು ವ್ಯಾಕ್ಯೂಮ್ ಎಂದು ನಂಬಬೇಡಿ, ಮೈಕ್ರಾನ್ ಗೇಜ್ ಬೇಕು. ಗ್ಯಾಸನ್ನು ನೇಮ್‌ಪ್ಲೇಟ್ ತೂಕದಂತೆ, ಹೆಚ್ಚುವರಿ ಪೈಪಿನ ಉದ್ದಕ್ಕೆ ತಯಾರಕರು ಹೇಳಿದ ಗ್ರಾಂ ಸೇರಿಸಿ, ತಕ್ಕಡಿಯಲ್ಲಿ ತೂಗಿ ಹಾಕಿ. ಆರ್-410ಎ, ಆರ್-407ಸಿ ಮಿಶ್ರಣಗಳಾದ್ದರಿಂದ ಸಿಲಿಂಡರಿನಿಂದ ಲಿಕ್ವಿಡ್ ರೂಪದಲ್ಲೇ ತೆಗೆಯಬೇಕು. ಆರ್-407ಸಿ ಹೆಚ್ಚು ಸೋರಿದ್ದರೆ ಉಳಿದ ಗ್ಯಾಸಿನ ಪಾಕವೇ ಬದಲಾಗಿರುತ್ತದೆ, ಮೇಲಿಂದ ಸೇರಿಸದೆ ಉಳಿದದ್ದನ್ನು ರಿಕವರಿ ಸಿಲಿಂಡರಿಗೆ ಎಳೆದು ಹೊಸದಾಗಿ ತುಂಬಿ.

ಸೀಲಿಂಗಿನಿಂದ ನೀರು

ಕೂಲಿಂಗ್ ದೂರಿನ ಜೊತೆ ಬರುವ ಇನ್ನೊಂದು ದೂರು ಇದು. ಕಾಯಿಲಿನ ನೀರು ಬೀಳುವ ಟ್ರೇ ಸ್ವಚ್ಛವಾಗಿದ್ದು ಯಂತ್ರ ನಿಂತಾಗ ಮಾತ್ರ ನೀರು ಗುಳಗುಳ ಇಳಿದರೆ ಟ್ರ್ಯಾಪ್ (ಡ್ರೇನ್ ಪೈಪಿನಲ್ಲಿ ನೀರು ನಿಲ್ಲುವ ಬಾಗು) ಇಲ್ಲ, ಅಥವಾ ಆಳ ಸಾಲದು. ಬ್ಲೋವರ್ ಎಳೆಯುವ ಕಡೆ ಟ್ರೇ ಇರುವುದರಿಂದ ಡ್ರೇನ್ ಪೈಪಿನಿಂದಲೇ ಗಾಳಿ ಒಳಗೆ ನುಗ್ಗಿ ನೀರನ್ನು ತಡೆಯುತ್ತದೆ. ಅಲ್ಲಿನ ಎಳೆತ ನೀರಿನ 40 ಮಿಲಿಮೀಟರ್ ಇದ್ದರೆ ಟ್ರೇ ಬಾಯಿಗಿಂತ ಟ್ರ್ಯಾಪಿನ ಹೊರದಾರಿ 65 ಮಿಲಿಮೀಟರ್ ಕೆಳಗಿರಬೇಕು, ಅದಕ್ಕಿಂತ ಕೆಳಗೆ ಅದರ ಅರ್ಧದಷ್ಟು ನೀರು ನಿಲ್ಲುವ ಆಳ ಬೇಕು. ಪೈಪಿಗೆ ಮೀಟರಿಗೆ 10 ಮಿಲಿಮೀಟರ್ ಇಳಿಜಾರು. ಬೇಸಿಗೆಯಲ್ಲಿ ಬಹಳ ದಿನ ನಿಂತಿದ್ದ ಯಂತ್ರದ ಟ್ರ್ಯಾಪ್ ಒಣಗಿರುತ್ತದೆ, ಒಂದು ಚೊಂಬು ನೀರು ಹಾಕಿ ಚಾಲೂ ಮಾಡಿ.

ನೀರಿನ ಕೂಲಿಂಗ್ ಟವರ್ ಇದ್ದರೆ

ದೊಡ್ಡ ಕಟ್ಟಡಗಳ ಚಿಲ್ಲರ್‌ಗಳಲ್ಲಿ (ನೀರನ್ನು ತಣ್ಣಗೆ ಮಾಡಿ ಕಟ್ಟಡಕ್ಕೆ ಹರಿಸುವ ಯಂತ್ರಗಳಲ್ಲಿ) ಔಟ್‌ಡೋರ್ ಕಾಯಿಲಿನ ಧೂಳಿನ ಜಾಗದಲ್ಲಿ ಕಂಡೆನ್ಸರ್ ಟ್ಯೂಬಿನ ಸುಣ್ಣ ಇರುತ್ತದೆ. ಕಂಡೆನ್ಸಿಂಗ್ ಉಷ್ಣತೆಗೂ ಕಂಡೆನ್ಸರಿನಿಂದ ಹೊರಬರುವ ನೀರಿಗೂ ವ್ಯತ್ಯಾಸ ಸ್ವಚ್ಛ ಟ್ಯೂಬಿನಲ್ಲಿ 1-3 ಡಿಗ್ರಿ. ಪೂರ್ತಿ ಲೋಡಿನಲ್ಲಿ 5 ದಾಟಿದರೆ ಬ್ರಷ್ ಹಾಕುವ ಕಾಲ ಬಂತು. ಕಾವೇರಿ ನೀರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಚಿಲ್ಲರ್, ಬೇಸಿಗೆಯಲ್ಲಿ ಬೋರ್‌ವೆಲ್ ಟ್ಯಾಂಕರಿಗೆ ಬದಲಾದ ಕೆಲವೇ ತಿಂಗಳಲ್ಲಿ ಸುಣ್ಣ ಕಟ್ಟಿಕೊಳ್ಳುವುದುಂಟು. ನೀರಿನ ಮೂಲ ಬದಲಾದ ದಿನವೇ ಬ್ಲೋಡೌನ್ (ಲವಣ ಹೆಚ್ಚಾದ ಟವರ್ ನೀರನ್ನು ಹೊರಬಿಡುವ) ಲೆಕ್ಕವನ್ನೂ ಬದಲಿಸಬೇಕು. 100 ಟನ್ನಿಗೆ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 520 ಲೀಟರ್ ಆವಿಯಾಗುತ್ತದೆ. ಟವರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಒಳಬರುವ ನೀರಿನ ನಾಲ್ಕರಷ್ಟನ್ನು ಮೀರದಿರಲು ಗಂಟೆಗೆ 170 ಲೀಟರಿನಷ್ಟನ್ನು ಹೊರಬಿಡಬೇಕು. ಎರಡರಷ್ಟಕ್ಕೇ ನಿಲ್ಲಿಸಬೇಕೆಂದರೆ ಆವಿಯಾದಷ್ಟೇ, ಅಂದರೆ 520 ಲೀಟರ್. ನೀರು ಉಳಿಸಲೆಂದು ಬ್ಲೋಡೌನ್ ವಾಲ್ವ್ ಮುಚ್ಚಿಟ್ಟರೆ ಆ ಉಳಿತಾಯ ಕರೆಂಟ್ ಬಿಲ್ಲಿನಲ್ಲಿ ಹೋಗುತ್ತದೆ.

ಯಾವಾಗ, ಏನು ಬರೆದಿಡಬೇಕು

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ವರ್ಷದ ದೊಡ್ಡ ಸರ್ವಿಸ್ ಅದಕ್ಕೂ ಮುಂಚೆ, ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಲ್ಲಿ ಮುಗಿದಿರಬೇಕು. ಮಾರ್ಚಿನಲ್ಲಿ ಮೆಕ್ಯಾನಿಕ್ ಸಿಗುವುದೂ ಕಷ್ಟ, ಸಿಕ್ಕರೂ ಕೂತು ಸೂಪರ್‌ಹೀಟ್ ಅಳೆಯುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಎರಡನೆಯದು ಮಳೆಗಾಲಕ್ಕೆ ಮುಂಚೆ: ಡ್ರೇನ್, ಪ್ಯಾನೆಲ್ ಗ್ಯಾಸ್ಕೆಟ್, ಅರ್ತಿಂಗ್. ಮದುವೆಗಳಿಲ್ಲದ ಆಷಾಢ, ಧನುರ್ಮಾಸದಲ್ಲಿ ಕಲ್ಯಾಣ ಮಂಟಪದ ಯಂತ್ರಗಳನ್ನು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಕ್ರ್ಯಾಂಕ್‌ಕೇಸ್ ಹೀಟರ್ (ಕಂಪ್ರೆಸರಿನ ಎಣ್ಣೆಯನ್ನು ಬೆಚ್ಚಗಿಡುವ ಹೀಟರ್) ಇರುವ ಯಂತ್ರಕ್ಕೆ ಮೇನ್ ಆಫ್ ಮಾಡಿಟ್ಟಿದ್ದರೆ, ಚಾಲೂ ಮಾಡುವ ಕನಿಷ್ಠ 12 ಗಂಟೆ ಮೊದಲು ಮೇನ್ ಹಾಕಿ. ಇಲ್ಲವಾದರೆ ಎಣ್ಣೆಯಲ್ಲಿ ಕರಗಿ ಕೂತ ಗ್ಯಾಸ್ ಒಮ್ಮೆಲೇ ನೊರೆಯಾಗಿ ಎಣ್ಣೆಯನ್ನೂ ಹೊತ್ತೊಯ್ಯುತ್ತದೆ.

ಪ್ರತಿ ಸರ್ವಿಸಿನಲ್ಲಿ, ತೊಳೆದಾದ ಮೇಲೆ, ಇಷ್ಟನ್ನು ಬರೆಯಬೇಕು: ದಿನಾಂಕ ಮತ್ತು ಗಂಟೆ, ಹೊರಗಿನ ಉಷ್ಣತೆ, ರಿಟರ್ನ್ ಮತ್ತು ಸಪ್ಲೈ, ಫಿಲ್ಟರ್ ಮುಖದ ಸರಾಸರಿ ವೇಗ, ಮೂರು ಫೇಸಿನ ವೋಲ್ಟ್, ಕಂಪ್ರೆಸರ್ ಮತ್ತು ಬ್ಲೋವರಿನ ಮೂರೂ ಫೇಸಿನ ಆಂಪಿಯರ್, ಎರಡೂ ಪ್ರೆಷರ್, ಎರಡೂ ಪೈಪಿನ ಉಷ್ಣತೆ, ಗ್ಯಾಸ್ ಹಾಕಿದ್ದರೆ ಎಷ್ಟು ಗ್ರಾಂ. "ಎಲ್ಲಾ ಓಕೆ" ಎಂಬ ಷರಾ ಇರುವ ರಿಪೋರ್ಟಿಗೆ ಸಹಿ ಹಾಕಬೇಡಿ. ಹೊರಗಿನ ಉಷ್ಣತೆ ಬರೆಯದಿದ್ದರೆ ಉಳಿದ ಪ್ರೆಷರ್ ಅಂಕಿಗಳಿಗೂ ಬೆಲೆಯಿಲ್ಲ, ಡಿಸೆಂಬರಿನ 330ನ್ನು ಏಪ್ರಿಲಿನ 430ಕ್ಕೆ ಹೋಲಿಸಿ ಗಾಬರಿಯಾಗುವುದಷ್ಟೇ ಉಳಿಯುತ್ತದೆ. ಹಾಗೆಂದು ಗೇಜನ್ನು ತಿಂಗಳು ತಿಂಗಳೂ ಹಾಕಬೇಕಿಲ್ಲ. ಪ್ರತಿ ಸಲ ಹೋಸ್ ಕಳಚುವಾಗಲೂ ಸ್ವಲ್ಪ ಗ್ಯಾಸ್ ಹೋಗುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಸರ್ವಿಸಿನಲ್ಲಿ ಸಾಕು. ತಿಂಗಳ ಭೇಟಿಯಲ್ಲಿ ಗಾಳಿ, ಉಷ್ಣತೆ, ಆಂಪಿಯರ್ ನೋಡಿದರೆ ಬದಲಾವಣೆ ಅಲ್ಲೇ ಗೊತ್ತಾಗುತ್ತದೆ.

ಎಎಂಸಿಯಲ್ಲಿ ಎರಡು ಬಗೆ. ಕಾಂಪ್ರಿಹೆನ್ಸಿವ್ ಎಂದರೆ ಗ್ಯಾಸೂ ಬಿಡಿಭಾಗವೂ ಅವರದೇ, ಆದ್ದರಿಂದ ಎಷ್ಟು ಗ್ಯಾಸ್ ಹೋಯಿತೆಂದು ಯಾರೂ ಬರೆಯುವುದಿಲ್ಲ. ಬರೀ ಲೇಬರ್ ಎಂದರೆ ಪ್ರತಿ ಸಲದ ಗ್ಯಾಸೂ ಬಿಲ್ಲಿಗೆ ಬರುತ್ತದೆ, ಆದ್ದರಿಂದ ತೂತು ಹುಡುಕುವ ಆತುರ ಯಾರಿಗೂ ಇರುವುದಿಲ್ಲ. ಯಾವುದೇ ಇರಲಿ, ಎರಡು ಷರತ್ತು ಬರೆಸಿ: ಗ್ಯಾಸ್ ಹಾಕಿದರೆ ತೂಕವನ್ನೂ ಸೋರಿಕೆಯ ಜಾಗವನ್ನೂ ರಿಪೋರ್ಟಿನಲ್ಲಿ ನಮೂದಿಸಬೇಕು, ಲಾಗ್ ಪುಸ್ತಕದ ಮೂಲ ಪ್ರತಿ ಕಟ್ಟಡದಲ್ಲೇ ಉಳಿಯಬೇಕು, ಗುತ್ತಿಗೆದಾರರು ಬದಲಾದರೆ ಅವರ ಜೊತೆ ಹೋಗಬಾರದು. ಹೊಸ ಯಂತ್ರ ಹಾಕಿಸುತ್ತಿದ್ದರೆ ಆ ಪುಸ್ತಕದ ಮೊದಲ ಪುಟ ಚಾಲೂ ಮಾಡಿದ ದಿನದ ಅಂಕಿಗಳಾಗಿರಲಿ. ಅಳವಡಿಸಿದವರಿಗೆ ಕೊನೆಯ ಕಂತಿನ ಹಣ ಕೊಡುವ ಮುಂಚೆ ಕೇಳಿದರೆ ಆ ಪುಟ ಸುಲಭವಾಗಿ ಸಿಗುತ್ತದೆ.